ಫೋಟೊ ಚೆನ್ನಾಗಿದೆಯಾ, ಆ ದಿನ ಚೆನ್ನಾಗಿತ್ತಾ?

ನಾನು ತೆಗೆದ ಒಂದು ಫೋಟೊ ಬಗ್ಗೆ ನನಗೆ ಎರಡು ವರ್ಷ ಭಾರೀ ಹೆಮ್ಮೆ ಇತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಜ್ಜನ ಮನೆ. ಅಡಿಕೆ ಕೊಯ್ಲಿನ ಕಾಲ, ರಾತ್ರಿ ಎಂಟು ಗಂಟೆ. ಮನೆ ಮುಂದಿನ ಚಪ್ಪರದಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಹಿಂದೆ ಒಲೆ ಮೇಲೆ ದೊಡ್ಡ ಹಂಡೆ. ಅದರೊಳಗೆ ಅಡಿಕೆ ಕುದಿಯುತ್ತಿದೆ, ಆ ಬೆಂದ ನೀರಿನ, ಅಂದರೆ ಚೊಗರಿನ ವಾಸನೆ ಅಂಗಳ ತುಂಬಿದೆ. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಆಗ ಒತ್ತಿದ ಫೋಟೊ ಅದು.

ನಮ್ಮೂರಲ್ಲಿ ಕ್ಯಾಮೆರಾ ಹುಚ್ಚಿರುವ ಹತ್ತಿಪ್ಪತ್ತು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಒಂದು ಸಲ ಅಲ್ಲಿಗೆ ಇದನ್ನು ತಗೊಂಡು ಹೋದೆ. ಪ್ರೊಜೆಕ್ಟರ್‌ನಲ್ಲಿ ದೊಡ್ಡದಾಗಿ ಬಂತು. ನಾನು ಹೊಗಳಿಕೆಗೆ ಕಾಯುತ್ತಾ ಕೂತೆ. ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಆ ನೀಲಿ ಬಕೆಟ್ ಯಾಕಿದೆ ಅಲ್ಲಿ?"

ಯಾವ ಬಕೆಟ್? ನೋಡಿದರೆ, ನಿಜ. ಫೋಟೊದ ನಡುಮಧ್ಯೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಕೂತಿದೆ. ಟ್ಯೂಬ್‌ಲೈಟಿನ ಬೆಳಕೆಲ್ಲ ಅದರ ಮೇಲೇ ಬಿದ್ದಿದೆ. ಹೆಂಗಸರ ಮುಖ ಕತ್ತಲು. ಇಬ್ಬರ ತಲೆ ಚಪ್ಪರದ ಕಂಬದ ಹಿಂದೆ. ಎರಡು ವರ್ಷ, ಕಡಿಮೆ ಅಂದರೂ ನೂರು ಸಲ ನೋಡಿದ್ದೆ. ಬಕೆಟ್ ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಫೋಟೊ ನೋಡುತ್ತಲೇ ಇರಲಿಲ್ಲ, ಆ ರಾತ್ರಿಯನ್ನು ನೋಡುತ್ತಿದ್ದೆ. ಇದು ಗೊತ್ತಾದ ಮೇಲೆ ಫೋಟೊ ಆರಿಸುವ ನನ್ನ ಕ್ರಮವೇ ಬದಲಾಯಿತು. ಸ್ಪರ್ಧೆಗೆ ಕಳಿಸೋದಿರಲಿ, ಗೋಡೆಗೆ ಹಾಕೋದಿರಲಿ, ಮದುವೆಯ ಎರಡು ಸಾವಿರ ಫೋಟೊಗಳಲ್ಲಿ ಆಲ್ಬಮ್‌ಗೆ ನೂರು ಆರಿಸೋದಿರಲಿ, ಈಗ ನಾನು ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆನಪನ್ನು ಹೊರಗೆ ಹಾಕಿ ಅಂತ ಹೇಳೋಕೆ ಬಂದಿಲ್ಲ. ಅದು ಎಲ್ಲಿ ಕೂತು ಮಾತಾಡುತ್ತಿದೆ ಅಂತ ಗೊತ್ತಿದ್ದರೆ ಸಾಕು.

ಒಂದು: ಆರಲು ಬಿಡಿ

ಪ್ರವಾಸದಿಂದ ಬಂದ ದಿನವೇ ಫೋಟೊ ಆರಿಸಲು ಕೂರಬೇಡಿ. ಅವತ್ತು ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಇಲ್ಲವೇ, ಬಸ್ಸಲ್ಲಿ ಯಾರ ಜೊತೆಗಾದರೂ ಜಗಳ ಆಗಿದ್ದರೆ, ಒಂದೂ ಚೆನ್ನಾಗಿ ಕಾಣುವುದಿಲ್ಲ.

ಅಮೆರಿಕದಲ್ಲಿ ಗ್ಯಾರಿ ವಿನೋಗ್ರ್ಯಾಂಡ್ ಅಂತ ಒಬ್ಬ ಛಾಯಾಗ್ರಾಹಕ ಇದ್ದ. ನ್ಯೂಯಾರ್ಕಿನ ಬೀದಿಗಳಲ್ಲಿ ಓಡಾಡುತ್ತಾ ಫೋಟೊ ತೆಗೆಯುವುದರಲ್ಲಿ ದೊಡ್ಡ ಹೆಸರು. ಅವನು ರೀಲು ಮುಗಿದ ಕೂಡಲೇ ತೊಳೆಯುತ್ತಿರಲಿಲ್ಲ. ಬೇಕಂತಲೇ ಒಂದು ವರ್ಷ, ಕೆಲವು ಸಲ ಅದಕ್ಕೂ ಜಾಸ್ತಿ, ಸುಮ್ನೆ ಇಟ್ಟುಬಿಡುತ್ತಿದ್ದ. ತೆಗೆದ ಹೊತ್ತಿನ ಖುಷಿ ಮರೆತುಹೋಗಲಿ, ಆಮೇಲೆ ಬೇರೆಯವರ ಫೋಟೊ ನೋಡಿದ ಹಾಗೆ ನೋಡೋಣ ಅನ್ನುವುದು ಲೆಕ್ಕ. ಆದರೆ ಇದಕ್ಕೂ ಒಂದು ಮಿತಿ ಬೇಕು ನೋಡಿ. 1984ರಲ್ಲಿ ಅವನು ತೀರಿಕೊಂಡಾಗ ತೊಳೆಯದ ರೀಲುಗಳೇ ಸುಮಾರು 2,500 ಉಳಿದಿದ್ದವು. ರೀಲಿಗೆ 36 ಅಂತ ಹಿಡಿದರೆ 90 ಸಾವಿರ ಫೋಟೊ. ಅವನ್ನು ಅವನು ನೋಡಲೇ ಇಲ್ಲ.

ನಮಗೆ ಅಷ್ಟೆಲ್ಲ ಬೇಡ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು. ಸುಮ್ನೆ ತಿರುಗಾಟದ ಫೋಟೊ ಆದರೆ ಎರಡು ವಾರ. ಮದುವೆ, ಗೃಹಪ್ರವೇಶ, ಊರ ಜಾತ್ರೆ ಆದರೆ ಒಂದು ತಿಂಗಳು. ಮನೆಯಲ್ಲಿ ಯಾರಾದರೂ ಹೋದ ಹೊತ್ತಿನ ಫೋಟೊ ಆದರೆ ದಿನದ ಲೆಕ್ಕ ಇಡಬೇಡಿ, ಮುಟ್ಟಬೇಕು ಅನ್ನಿಸಿದಾಗ ಮುಟ್ಟಿ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಒಂದೇ: ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ ಇಡುವುದು. ಡಿಲೀಟ್ ಮಾಡುವುದು ಬೇಡ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು ಕೂಡ ಇರಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನೊಂದು ಮಾತು. ಫೋನು ತಾನಾಗಿಯೇ ಹಾಡು ಹಾಕಿ, 'ಮೂರು ವರ್ಷದ ಹಿಂದೆ ಇದೇ ದಿನ' ಅಂತ ತೋರಿಸುತ್ತದಲ್ಲ, ಅದನ್ನು ನೋಡಿ ಯಾವ ಫೋಟೊವನ್ನೂ ಆರಿಸಬೇಡಿ. ಹಿಂದೆ ವೀಣೆ, ಪಿಯಾನೊ ಬಾರಿಸಿದರೆ ರೇಷನ್ ಕಾರ್ಡಿನ ಫೋಟೊ ನೋಡಿದರೂ ಕಣ್ಣಲ್ಲಿ ನೀರು ಬರುತ್ತದೆ.

ಎರಡು: ಹಾಳೆಯ ಮಧ್ಯೆ ಗೀಟು ಎಳೆಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ಒಂದು ಹಾಳೆ, ಒಂದು ಪೆನ್ನು ಸಾಕು. ಹಾಳೆಯ ಮಧ್ಯೆ ಮೇಲಿಂದ ಕೆಳಗೆ ಗೀಟು ಹಾಕಿ. ಎಡಗಡೆ 'ಕಾಣುವುದು' ಅಂತ ಬರೆಯಿರಿ, ಬಲಗಡೆ 'ನನಗೆ ಗೊತ್ತಿರುವುದು'. ನಿಮಗೆ ತುಂಬಾ ಇಷ್ಟದ ಫೋಟೊ ಒಂದನ್ನು ಮುಂದೆ ಇಟ್ಟುಕೊಂಡು ಎರಡೂ ಕಡೆ ತುಂಬಿಸಿ.

ಬಕೆಟ್ ಪ್ರಸಂಗ ಆದ ರಾತ್ರಿ ನಾನು ಬರೆದ ಹಾಳೆ ಇನ್ನೂ ಇದೆ. ಬಲಗಡೆ ಮೊದಲು ತುಂಬಿತು. ಚೊಗರಿನ ವಾಸನೆ. ಮೆಟ್ಟುಗತ್ತಿಯ ಕರಕ್ ಕರಕ್ ಸದ್ದು. ಚಳಿ. ಅಜ್ಜಿ ಒಳಗಿಂದ ಬೆಲ್ಲದ ಕಾಫಿ ಕಳಿಸಿದ್ದು. ಹೆಂಗಸರಲ್ಲಿ ಒಬ್ಬರು ಹೇಳಿದ ತಮಾಷೆ, ಅದು ಊರಿನ ಯಾರ ಬಗ್ಗೆ ಅನ್ನುವುದು. ನಾನು ಆರು ವರ್ಷದವನಿದ್ದಾಗ ಅದೇ ಚಪ್ಪರದಲ್ಲಿ ಸಿಪ್ಪೆ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದುದು. ಮರುವರ್ಷ ಆ ಚಪ್ಪರ ಬಿಚ್ಚಿ ಶೀಟು ಹಾಕಿಸಿದ್ದು. ಹಾಳೆ ಸಾಲದೆ ಬಂತು.

ಎಡಗಡೆ ಬರೆಯೋಕೆ ಕಷ್ಟವಾಯಿತು. ನೀಲಿ ಬಕೆಟ್. ಟ್ಯೂಬ್‌ಲೈಟು. ಕಂಬ. ಕತ್ತಲಲ್ಲಿ ಕೂತ ಜನ, ಎಷ್ಟು ಅಂತ ಎಣಿಸೋಕೆ ಆಗುವುದಿಲ್ಲ. ಮೂರು ಮೆಟ್ಟುಗತ್ತಿ ಕಾಣುತ್ತವೆ. ಹಂಡೆ ಕಾಣುವುದಿಲ್ಲ! ಹಂಡೆಯ ಉಗಿ ಕಾಣುತ್ತದೆ, ಆದರೆ ಗೊತ್ತಿಲ್ಲದವರಿಗೆ ಅದು ಬರೀ ಮಸುಕು. ಯಾರೂ ನಗುತ್ತಿಲ್ಲ. ಹೌದು, ಯಾರೂ ನಗುತ್ತಿಲ್ಲ. ನಗು ಮುಗಿದು ಎಲ್ಲರೂ ಮತ್ತೆ ತಲೆ ಬಗ್ಗಿಸಿದ ಮೇಲೆ ನಾನು ಒತ್ತಿದ್ದೆ. ನಗುವನ್ನು ನಾನೇ ಎರಡು ವರ್ಷದಿಂದ ಆ ಫೋಟೊಗೆ ಅಂಟಿಸಿಕೊಂಡು ನೋಡುತ್ತಿದ್ದೆ.

ಎಡಗಡೆ ಬರೆಯುವಾಗ ಎರಡು ನಿಯಮ. ಬೆರಳಿಟ್ಟು ತೋರಿಸೋಕೆ ಆಗುವುದನ್ನು ಮಾತ್ರ ಬರೆಯಬೇಕು. 'ಆತ್ಮೀಯತೆ', 'ಹಳ್ಳಿಯ ಸೊಗಡು' ಇಂಥವನ್ನು ಬರೆಯುವ ಹಾಗಿಲ್ಲ. ಅಂಥದ್ದು ಬರೆಯಬೇಕು ಅನ್ನಿಸಿದರೆ, ಯಾವುದನ್ನು ನೋಡಿ ಹಾಗನ್ನಿಸಿತು ಅಂತ ಕೇಳಿಕೊಳ್ಳಿ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರೆ 'ಭುಜ ತಾಗಿದೆ' ಅಂತ ಬರೆಯಿರಿ. ಕಾರಣ ಸಿಗಲಿಲ್ಲ ಅಂದರೆ ಅದು ಬಲಗಡೆಯ ಸರಕು.

ಎಡಗಡೆಯೇ ಉದ್ದವಾಗಿದ್ದರೆ ಆ ಫೋಟೊಗೆ ಸ್ವಂತ ಕಾಲಿದೆ. ಬಲಗಡೆ ಉದ್ದವಾಗಿದ್ದರೆ ಅದನ್ನು ನೀವು ಎತ್ತಿಕೊಂಡು ನಡೆಯುತ್ತಿದ್ದೀರಿ. ಅದು ತಪ್ಪಲ್ಲ. ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀರಿ ಅನ್ನುವುದು ಮುಖ್ಯ, ಅಷ್ಟೇ.

ಫ್ರೆಂಚ್ ಲೇಖಕ ರೋಲಾಂಡ್ ಬಾರ್ಥ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1977ರಲ್ಲಿ ಅವನ ತಾಯಿ ತೀರಿಕೊಂಡರು. ಆಮೇಲೆ ಹಳೇ ಫೋಟೊಗಳನ್ನು ಹುಡುಕುವಾಗ ಅಮ್ಮ ಐದು ವರ್ಷದ ಹುಡುಗಿಯಾಗಿದ್ದಾಗ ತೆಗೆದ ಒಂದು ಫೋಟೊ ಸಿಕ್ಕಿತು. ಅಮ್ಮನನ್ನು ನಾನು ಮತ್ತೆ ಕಂಡದ್ದು ಇದರಲ್ಲೇ ಅನ್ನಿಸಿತು ಅವನಿಗೆ. 1980ರಲ್ಲಿ ಬಂದ ಅವನ ಪುಸ್ತಕದಲ್ಲಿ ಬೇರೆ ಎಷ್ಟೋ ಫೋಟೊಗಳಿವೆ, ಆದರೆ ಪುಟಗಟ್ಟಲೆ ಬರೆದ ಈ ಫೋಟೊವನ್ನು ಮಾತ್ರ ಅಚ್ಚು ಹಾಕಲಿಲ್ಲ. ಓದುವವರಿಗೆ ಅದು ಯಾವುದೋ ಒಂದು ಹಳೇ ಫೋಟೊ ಅಷ್ಟೇ ಅಂತ ಅವನಿಗೆ ಗೊತ್ತಿತ್ತು. ನಾನಾಗಿದ್ದರೆ ಮುಖಪುಟಕ್ಕೇ ಹಾಕಿಬಿಡುತ್ತಿದ್ದೆನೋ ಏನೋ.

ಮೂರು: ತಿರುಗಿಸಿ, ಚಿಕ್ಕದು ಮಾಡಿ

ಅಮ್ಮನ ಮುಖ ನೋಡಿದ ಕೂಡಲೇ 'ಅಮ್ಮ' ಅಂತ ಮನಸ್ಸು ಹೇಳಿಬಿಡುತ್ತದೆ. ಆಮೇಲೆ ಕಣ್ಣಿಗೆ ಕೆಲಸವೇ ಇಲ್ಲ. ಆ ಗುರುತು ಹಿಡಿಯುವ ವೇಗವನ್ನು ಸ್ವಲ್ಪ ತಡೆದರೆ ಫೋಟೊ ಕಾಣತೊಡಗುತ್ತದೆ. ಇದಕ್ಕೆ ಫೋನಿನಲ್ಲೇ ಮೂರು ದಾರಿ ಇವೆ.

ಮೊದಲು ತಲೆಕೆಳಗೆ ಮಾಡಿ. ಮುಖಗಳು ಮುಖವಾಗಿ ಉಳಿಯುವುದಿಲ್ಲ, ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಅನ್ನುವುದಷ್ಟೇ ಉಳಿಯುತ್ತದೆ. ನನ್ನ ಬಕೆಟ್ ತಲೆಕೆಳಗಾದಾಗ ಚಪ್ಪರದಿಂದ ನೇತಾಡುವ ದೀಪದ ಹಾಗೆ ಕಂಡಿತು! ಅಷ್ಟು ಬೆಳ್ಳಗಿತ್ತು. ಎರಡನೆಯದು, ಗ್ಯಾಲರಿಯಲ್ಲಿ ಉಗುರಿನಷ್ಟು ಚಿಕ್ಕದಾಗಿ ಕಾಣುತ್ತದಲ್ಲ, ಹಾಗೆ ನೋಡುವುದು. ಆ ಅಳತೆಯಲ್ಲೂ ಏನು ನಡೆಯುತ್ತಿದೆ ಅಂತ ತಿಳಿದರೆ ಒಳ್ಳೆಯ ಲಕ್ಷಣ. ಮೂರನೆಯದು ಕಪ್ಪು-ಬಿಳುಪು ಮಾಡಿ ನೋಡುವುದು. ಅಕ್ಕನ ಮದುವೆಯ ಆ ಹಸಿರು ರೇಷ್ಮೆ ಸೀರೆ ಬೂದು ಬಣ್ಣಕ್ಕೆ ಬಂದಾಗ ಸೀರೆಯ ಕಥೆಯೂ ಸ್ವಲ್ಪ ಹಿಂದೆ ಸರಿಯುತ್ತದೆ.

ಎಡ-ಬಲ ತಿರುಗಿಸುವುದೂ ಒಂದು ದಾರಿ. ಇದರ ಹಿಂದೆ ಒಂದು ಮಜವಾದ ಸಂಗತಿ ಇದೆ. ನಮ್ಮ ಫೋಟೊ ನಮಗೇ ಯಾಕೆ ಇಷ್ಟ ಆಗುವುದಿಲ್ಲ? 1977ರಲ್ಲಿ ಅಮೆರಿಕದ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಒಬ್ಬರದೇ ಮುಖದ ಎರಡು ಪ್ರಿಂಟ್ ಹಾಕಿಸಿದರು. ಒಂದು ಇದ್ದ ಹಾಗೆ, ಇನ್ನೊಂದು ಎಡ-ಬಲ ತಿರುಗಿಸಿದ್ದು. ಯಾವುದು ಚೆನ್ನಾಗಿದೆ ಅಂತ ಕೇಳಿದರೆ, ಫೋಟೊದಲ್ಲಿದ್ದವರು ತಿರುಗಿಸಿದ್ದನ್ನೇ ಹೆಚ್ಚಾಗಿ ಆರಿಸಿದರು. ಅವರ ಸ್ನೇಹಿತರು ಇದ್ದ ಹಾಗೇ ಇರುವುದನ್ನು ಆರಿಸಿದರು. ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಲ್ಲಿ ಕಂಡ ಹಾಗೆ. ಬೈತಲೆ ಎಡಕ್ಕಿರುವುದು ಫೋಟೊದಲ್ಲಿ ಬೇರೆ ಕಡೆ ಹೋದರೆ ಯಾರೋ ಬೇರೆಯವರು ಅನ್ನಿಸುತ್ತದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕಟ್ಟಿಕೊಂಡ ನೆನಪು ಫೋಟೊಗೆ ತೀರ್ಪು ಕೊಡುತ್ತದೆ.

ಹಾಗಾಗಿ ಒಂದು ಸಲಹೆ. ನಿಮ್ಮ ಫೋಟೊ ನೀವು ಆರಿಸಬೇಡಿ. ಬಯೊಡೇಟಾಕ್ಕೆ, ಹುಡುಗಿ ಮನೆಗೆ ಕಳಿಸೋಕೆ, ಪುಸ್ತಕದ ಬೆನ್ನಿಗೆ, ಯಾವುದಕ್ಕೇ ಆಗಲಿ, ಸ್ನೇಹಿತರ ಕೈಗೆ ಹತ್ತು ಫೋಟೊ ಕೊಟ್ಟು ಒಂದು ಆರಿಸಲು ಹೇಳಿ. ಅವರು ಆರಿಸಿದ್ದು ನಿಮಗೆ ಹಿಡಿಸದಿದ್ದರೆ ಬಹುಶಃ ಅದೇ ಸರಿ.

ನಾಲ್ಕು: ಕೇಳಿ, ಆದರೆ ಕಥೆ ಹೇಳಬೇಡಿ

ನಮ್ಮಲ್ಲಿ 'ಫೋಟೊ ಹೇಗಿದೆ?' ಅಂತ ಕೇಳುವುದೂ ಒಂದೇ, 'ಊಟ ಆಯ್ತಾ?' ಅಂತ ಕೇಳುವುದೂ ಒಂದೇ. ಉತ್ತರ ಮೊದಲೇ ಗೊತ್ತು. 'ಸೂಪರ್.' ಜೊತೆಗೆ ಒಂದು ಹೆಬ್ಬೆಟ್ಟು. ಯಾರನ್ನೂ ಬೈಯುವ ಹಾಗಿಲ್ಲ, ಪ್ರಶ್ನೆಯೇ ಹಾಗಿದೆ.

ಇನ್ನೊಂದು ತಪ್ಪು ನಾವೇ ಮಾಡುತ್ತೇವೆ. ಫೋಟೊ ತೋರಿಸುವ ಮೊದಲೇ ಕಥೆ ಶುರು. "ಇದು ನೋಡಿ, ಅವತ್ತು ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಕೊಡಚಾದ್ರಿಗೆ ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತಿದ್ವಿ, ಜಿಗಣೆ ಅಂದ್ರೆ ಜಿಗಣೆ..." ಇಷ್ಟು ಕೇಳಿದ ಮೇಲೆ ಎದುರಿನವರು 1,343 ಮೀಟರ್ ಎತ್ತರದ ಬೆಟ್ಟಕ್ಕೆ ಅಂಕ ಕೊಡುತ್ತಾರೆ, ನಿಮ್ಮ ಕಾಲುನೋವಿಗೆ ಅಂಕ ಕೊಡುತ್ತಾರೆ. ಫೋಟೊದಲ್ಲಿ ಇರುವುದು ಮೋಡ ಮಾತ್ರ. ಕಷ್ಟಪಟ್ಟು ತೆಗೆದ ಫೋಟೊ ಅಂದರೆ ನಮಗೂ ಒಂದು ತೂಕ ಜಾಸ್ತಿ. ಪಡಸಾಲೆಯಲ್ಲಿ ಕೂತು ತೆಗೆದ ಬೆಕ್ಕಿನ ಫೋಟೊ ಅದಕ್ಕಿಂತ ಎಷ್ಟೋ ಚೆನ್ನಾಗಿರಬಹುದು. ಜಿಗಣೆ ಕಚ್ಚಿಸಿಕೊಂಡವನಿಗೆ ಅದನ್ನು ಒಪ್ಪೋದು ಕಷ್ಟ.

ಹೇಗೆ ಕೇಳಬೇಕು? ಫೋನು ಕೈಗೆ ಕೊಟ್ಟು ಸುಮ್ಮನಿರಿ. ಐದು ಸೆಕೆಂಡ್ ಆದ ಮೇಲೆ ಫೋನು ತಿರುಗಿಸಿಟ್ಟು ಎರಡೇ ಪ್ರಶ್ನೆ ಕೇಳಿ. ಮೊದಲು ಕಣ್ಣು ಎಲ್ಲಿಗೆ ಹೋಯಿತು? ಅಲ್ಲಿ ಏನು ನಡೆಯುತ್ತಿದೆ? 'ಚೆನ್ನಾಗಿದೆಯಾ' ಅನ್ನುವ ಮಾತೇ ತೆಗೆಯಬೇಡಿ.

ಮೂರು ಥರದ ಜನರನ್ನು ಕೇಳುವುದು ಒಳ್ಳೆಯದು. ಅವತ್ತು ಜೊತೆಗಿದ್ದವರು ಒಬ್ಬರು. ಜೊತೆಗಿರಲಿಲ್ಲ, ಆದರೆ ಆ ಜಾಗ, ಜನ ಗೊತ್ತಿರುವವರು ಒಬ್ಬರು. ಏನೂ ಗೊತ್ತಿಲ್ಲದವರು ಒಬ್ಬರು. ಜೊತೆಗಿದ್ದವರಿಗೆ ಮಾತ್ರ ಇಷ್ಟವಾದರೆ ಅದು ನಿಮ್ಮಿಬ್ಬರ ಫೋಟೊ. ಎರಡನೆಯವರಿಗೂ ಇಷ್ಟವಾದರೆ ಊರಿನ ಫೋಟೊ. ಮೂರನೆಯವರು ಫೋನು ವಾಪಸ್ ಕೊಡದೆ ಇನ್ನೊಂದು ಸಲ ನೋಡಿದರೆ, ಪ್ರಿಂಟ್ ಹಾಕಿಸಿ.

ನನಗೆ ಸಿಕ್ಕ ಮೂರನೆಯವರು ಯಾರು ಗೊತ್ತಾ? ಬಸ್‌ಸ್ಟ್ಯಾಂಡ್ ಹತ್ತಿರ ಫ್ರೇಮ್ ಹಾಕುವ ಅಂಗಡಿಯವರು. ದೇವರ ಫೋಟೊ, ಡಿಗ್ರಿ ಸರ್ಟಿಫಿಕೇಟು, ತೀರಿಹೋದವರ ಫೋಟೊ, ದಿನಕ್ಕೆ ಎಷ್ಟೋ ಕೈದಾಟುತ್ತವೆ. ಒಂದು ಸಲ ನನ್ನ ಎರಡು ಫೋಟೊ ತಗೊಂಡು ಹೋಗಿ ಗಾಜಿನ ಕೌಂಟರ್ ಮೇಲಿಟ್ಟೆ. ಒಂದು ಜೋಗ, ಮಳೆಗಾಲದ್ದು. ಇನ್ನೊಂದು ನಮ್ಮ ಓಣಿಯಲ್ಲಿ ಇಸ್ತ್ರಿ ಅಂಗಡಿಯವರು ಕೆಂಡ ಊದುತ್ತಿರುವುದು.

"ಯಾವುದಕ್ಕೆ ಫ್ರೇಮ್ ಹಾಕ್ಲಿ ಸಾರ್?"

"ನೀವೇ ಹೇಳಿ."

ಅವರು ಜೋಗದ ಫೋಟೊವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಇದು ಎಲ್ಲರ ಮನೇಲೂ ಇದೆ. ಈ ಬೆಂಕಿದು ಯಾರದು? ಇವರ ಕೆನ್ನೆ ನೋಡಿ, ಹೆಂಗೆ ಉಬ್ಬಿದೆ."

ಆ ಜೋಗದ ಫೋಟೊಗಾಗಿ ನಾನು ಮೂರು ತಾಸು ಕೊಡೆ ಹಿಡಿದು ನಿಂತಿದ್ದೆ. ಇಸ್ತ್ರಿ ಫೋಟೊ ಹಾಲು ತರೋಕೆ ಹೋದಾಗ ತೆಗೆದದ್ದು.

ಐದು: ಬೇಡ ಅಂದ ಫೋಟೊಗಳನ್ನು ಮತ್ತೆ ತೆಗೆಯಿರಿ

ಇಲ್ಲಿಯವರೆಗೆ ಒಳ್ಳೇ ನೆನಪು ಕೆಟ್ಟ ಫೋಟೊವನ್ನು ಎತ್ತಿ ಹಿಡಿಯುವುದರ ಮಾತಾಯಿತು. ಇದರ ಉಲ್ಟಾ ಕೂಡ ಇದೆ, ಮತ್ತು ಅದು ಜಾಸ್ತಿ ನಷ್ಟ.

ಅಕ್ಕನ ಮದುವೆಯಲ್ಲಿ ಅಡುಗೆ ಮನೆ ಹಿಂದಿನ ಅಂಗಳದಲ್ಲಿ ಅಮ್ಮ ಒಬ್ಬರೇ ಕೂತಿರುವ ಒಂದು ಫೋಟೊ ಇದೆ. ಪಕ್ಕದಲ್ಲಿ ಬಾಳೆಲೆಯ ಕಟ್ಟು. ಬೆಳಕು ಕಿಟಕಿಯಿಂದ ಬಂದು ಕೆನ್ನೆಯ ಒಂದು ಕಡೆ ಬಿದ್ದಿದೆ. ಕೈಯಲ್ಲಿ ಲೋಟ, ಕುಡಿಯುತ್ತಿಲ್ಲ. ಎಲ್ಲೋ ನೋಡುತ್ತಿದ್ದಾರೆ. ಇಡೀ ಮದುವೆಯಲ್ಲಿ ಅಂಥ ಫೋಟೊ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆಲ್ಬಮ್ ಮಾಡುವಾಗ ಅಕ್ಕ ನೋಡಿದಳು, ನೋಡಿ ಫೋನು ಕೆಳಗಿಟ್ಟಳು.

"ಇದು ಬೇಡ ಕಣೋ."

"ಯಾಕೆ? ಎಷ್ಟು ಚೆನ್ನಾಗಿದೆ ನೋಡು."

"ನಿಂಗೆ ಗೊತ್ತಿಲ್ಲ. ಊಟದ ಪಂಕ್ತಿ ವಿಷಯಕ್ಕೆ ಅವರ ಕಡೆಯವರು ಅಮ್ಮಂಗೆ ಏನೇನೋ ಅಂದಿದ್ರು. ಇದು ಅದಾದ ಮೇಲಿಂದು."

ನನಗೆ ಬೆಳಕು ಕಂಡಿತ್ತು, ಅವಳಿಗೆ ಮಾತು ಕೇಳಿಸಿತ್ತು. ಇಬ್ಬರಲ್ಲಿ ಯಾರ ತೀರ್ಪು ಸರಿ? ಎಡ-ಬಲದ ಹಾಳೆಯಲ್ಲಿ ಬರೆದರೆ ಅವಳ ಜಗಳ ಬಲಗಡೆಗೆ ಹೋಗುತ್ತದೆ, ನಿಜ. ಆದರೆ ಲೋಟ ಹಿಡಿದು ಕುಡಿಯದೆ ಕೂತಿರುವುದು ಎಡಗಡೆಯದು. ಜಗಳದ ವಿಷಯ ಗೊತ್ತಿಲ್ಲದ ನಾನು ಆ ಲೋಟವನ್ನು ನೋಡಿ 'ಎಷ್ಟು ಶಾಂತವಾಗಿದ್ದಾರೆ' ಅಂದುಕೊಂಡಿದ್ದೆ. ಅಂದರೆ ನೆನಪು ಕೆಲವು ಸಲ ಕಣ್ಣು ಮುಚ್ಚುವುದಿಲ್ಲ, ತೆರೆಸುತ್ತದೆ. ಈ ಒಂದು ಕಾರಣಕ್ಕೆ, ಫೋಟೊ ಬೇಡ ಅಂದವರನ್ನು ಯಾಕೆ ಅಂತ ಕೇಳದೆ ಬಿಡಬೇಡಿ.

ಆಲ್ಬಮ್‌ಗೆ ಅದು ಹೋಗಲಿಲ್ಲ. ಅವಳ ಮದುವೆ, ಅವಳ ಆಲ್ಬಮ್. ನಾನು ಡಿಲೀಟೂ ಮಾಡಲಿಲ್ಲ. 'ಈಗ ಬೇಡ' ಅಂತ ಒಂದು ಫೋಲ್ಡರ್ ಮಾಡಿದ್ದೇನೆ, ಅದರಲ್ಲಿ ಹಾಕಿದೆ. ಕೆಟ್ಟ ನೆನಪಿನ ಚುರುಕು ಒಳ್ಳೇ ನೆನಪಿನ ಖುಷಿಗಿಂತ ಬೇಗ ಕಡಿಮೆಯಾಗುತ್ತದೆ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ. ಎಲ್ಲರಿಗೂ, ಎಲ್ಲ ನೋವಿಗೂ ಹೀಗಾಗುವುದಿಲ್ಲ. ಆದರೂ ಇವತ್ತು ಕಣ್ಣೆತ್ತಿ ನೋಡಲಾಗದ ಫೋಟೊ ಐದು ವರ್ಷದ ಮೇಲೆ ಬೇಕು ಅನ್ನಿಸಬಹುದು. ಅದಕ್ಕೇ ಮೊದಲೇ ಹೇಳಿದ್ದು, ಡಿಲೀಟ್ ಬೇಡ ಅಂತ. ವರ್ಷಕ್ಕೊಂದು ದಿನ ಇಟ್ಟುಕೊಳ್ಳಿ. ನನ್ನದು ಆಯುಧಪೂಜೆ. ಕ್ಯಾಮೆರಾಕ್ಕೆ ಕುಂಕುಮ ಇಟ್ಟಾದ ಮೇಲೆ 'ಈಗ ಬೇಡ' ಫೋಲ್ಡರ್ ತೆಗೆದು ಒಂದು ಸುತ್ತು ನೋಡುತ್ತೇನೆ. ಮೂರೋ ನಾಲ್ಕೋ ಪ್ರತಿ ವರ್ಷ ಹೊರಗೆ ಬರುತ್ತವೆ.

ಹಳೇ ಆಲ್ಬಮ್ ಕೈಗೆ ಬಂದರೆ

ಅಟ್ಟದ ಟ್ರಂಕಿನಿಂದ ಇಳಿಸಿದ ಫೋಟೊಗಳಿಗೆ ಬೇರೆಯೇ ಎಚ್ಚರ ಬೇಕು.

ಮೊದಲು ಬಣ್ಣದ ವಿಷಯ. ಎಪ್ಪತ್ತು, ಎಂಬತ್ತರ ದಶಕದ ಕಲರ್ ಪ್ರಿಂಟುಗಳು ಒಂಥರಾ ಕೆಂಪಗೆ, ಬೆಚ್ಚಗೆ ಕಾಣುತ್ತವಲ್ಲ, ನಮಗೆ ಅದೇ ಬಾಲ್ಯದ ಬಣ್ಣ. ಆದರೆ ಪ್ರಿಂಟ್ ಬಂದ ದಿನ ಅವು ಹಾಗಿರಲಿಲ್ಲ. ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತವೆ. ಆ ಕಾಲದ ಕಾಗದಗಳಲ್ಲಿ ಎಷ್ಟೋ ಸಲ ಹಸಿರು-ನೀಲಿಯ ಪದರವೇ ಮೊದಲು ಮಾಸುತ್ತಿತ್ತು, ಆಲ್ಬಮ್‌ನೊಳಗೆ ಕತ್ತಲಲ್ಲಿ ಇಟ್ಟರೂ. ಉಳಿದ ಎರಡು ಸೇರಿ ಕೆಂಪಗೆ ಕಾಣುತ್ತದೆ. ಅದು ರಾಸಾಯನಿಕದ ಆಟ, ನಮ್ಮ ಬಾಲ್ಯ ಏನೂ ಕೆಂಪಗಿರಲಿಲ್ಲ. 2010ರಲ್ಲಿ ಇನ್‌ಸ್ಟಾಗ್ರಾಂ ಬಂದಾಗ ಅದೇ ಮಾಸಲು ಬಣ್ಣವನ್ನು ಫಿಲ್ಟರ್ ಮಾಡಿ ಕೊಟ್ಟರು. ಮೊನ್ನೆ ತೆಗೆದ ಮಸಾಲೆದೋಸೆಗೂ ಒಂದು ಹಳೇ ನೆನಪು ಸಿಕ್ಕಿತು.

ಸ್ಕ್ಯಾನ್ ಮಾಡುವಾಗ ಎರಡು ಕಾಪಿ ಇಡಿ. ಒಂದು ಈಗ ಹೇಗಿದೆಯೋ ಹಾಗೆ. ಇನ್ನೊಂದು ಬಣ್ಣ ಸರಿಮಾಡಿದ್ದು. ಎರಡನೆಯದನ್ನು ನೋಡಿದಾಗ ಫೋಟೊ ಅಷ್ಟೇನೂ ಇಷ್ಟವಾಗದಿದ್ದರೆ, ನಿಮಗೆ ಇಷ್ಟವಾಗಿದ್ದದ್ದು ಕೆಂಪು ಅಂತ ಅರ್ಥ. ಅಂಗೈಯಗಲದ ಪ್ರಿಂಟಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದು ಮರೆಯಬೇಡಿ. ಅಲ್ಲಿ ದೊಡ್ಡಪ್ಪನ ಕೈಬರಹದಲ್ಲಿ ಒಂದು ತಾರೀಖು, ಒಂದು ಹೆಸರು, ಸ್ಟುಡಿಯೊದ ಸೀಲು ಇರುತ್ತದೆ. ಮುಂದಿನ ಕಡೆಗಿಂತ ಎಷ್ಟೋ ಸಲ ಅದೇ ಹೆಚ್ಚು ಹೇಳುತ್ತದೆ.

ಇನ್ನೊಂದು, ಫೋಟೊ ಕೂಡ ನೆನಪನ್ನು ಹುಟ್ಟಿಸುತ್ತದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಜನರಿಗೆ ಅವರದೇ ಬಾಲ್ಯದ ಫೋಟೊಗಳನ್ನು ತೋರಿಸಿ ಮಾತಾಡಿಸಿದರು. ಅದರಲ್ಲಿ ಒಂದು ಸುಳ್ಳು ಫೋಟೊ. ಎಂದೂ ಹತ್ತದ ಬಿಸಿಗಾಳಿ ಬಲೂನಿನಲ್ಲಿ ಆ ಮಗು ಕೂತ ಹಾಗೆ ಜೋಡಿಸಿದ್ದು. ಮೂರು ಸಲ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಜನ ಆ ಬಲೂನು ಸವಾರಿಯ ಏನಾದರೊಂದು ವಿವರ ಹೇಳತೊಡಗಿದ್ದರು. ಹಾಗಾಗಿ ಮನೆಯ ಹಿರಿಯರ ಹತ್ತಿರ ಹಳೇ ಸಂಗತಿ ಕೇಳಬೇಕಾದರೆ ಮೊದಲು ಮಾತು, ಆಮೇಲೆ ಫೋಟೊ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಆಲ್ಬಮ್ ತೆರೆದರೆ ಯಾರ ದನಿ ಜೋರೋ ಅವರ ನೆನಪು ಎಲ್ಲರದ್ದೂ ಆಗುತ್ತದೆ. ನಮ್ಮ ಮನೆಯಲ್ಲಿ ಅದು ಚಿಕ್ಕಪ್ಪ.

ಬೇರೆಯವರ ಫೋಟೊಗೆ ತೀರ್ಪು ಕೊಡಬೇಕಾದರೆ

ಶಾಲೆಯ ಮಕ್ಕಳ ಒಂದು ಸ್ಪರ್ಧೆಗೆ ನನ್ನನ್ನೂ ಕರೆದಿದ್ದರು. ಹುಡುಗನೊಬ್ಬ ಹಳೇ ಸೈಕಲ್ ಟಯರನ್ನು ಕೋಲಿನಿಂದ ಹೊಡೆದುಕೊಂಡು ಓಡುತ್ತಿರುವ ಫೋಟೊಗೆ ನಾನು ಕಣ್ಣುಮುಚ್ಚಿ ಮೊದಲ ಸ್ಥಾನ ಕೊಟ್ಟೆ. ಜೊತೆಗಿದ್ದ ತೀರ್ಪುಗಾರರು ಬೆಂಗಳೂರಲ್ಲೇ ಹುಟ್ಟಿ ಬೆಳೆದವರು. "ಇದರಲ್ಲಿ ಹೊಸದೇನಿದೆ ಸಾರ್?" ಅಂದರು. ಏನು ಹೇಳಲಿ? ನಾನೂ ಟಯರ್ ಓಡಿಸಿದ್ದೆ ಅಂತ ಹೇಳಬೇಕಿತ್ತು.

ಆಮೇಲಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅಂಕದ ಪಕ್ಕ ಒಂದು ಸಾಲು ಕಾರಣ ಬರೆಯುತ್ತೇನೆ. ಆ ಸಾಲಿನಲ್ಲಿ 'ನೆನಪಾಗುತ್ತದೆ', 'ನಮ್ಮ ಕಾಲದಲ್ಲಿ', 'ಈಗೆಲ್ಲಿದೆ ಇಂಥದ್ದು' ಬರುವ ಹಾಗಿಲ್ಲ. ಬಂದರೆ ಮತ್ತೊಂದು ಸಲ ನೋಡಬೇಕು.

ಕೊನೆಗೆ ಎರಡು ಫೋಲ್ಡರ್

ಇಷ್ಟೆಲ್ಲ ಆದ ಮೇಲೆ ಫೋಟೊಗಳನ್ನು ಎರಡು ಕಡೆ ಹಾಕಿ. ನಾನು 'ಗೋಡೆ' ಮತ್ತು 'ಮನೆ' ಅಂತ ಹೆಸರಿಟ್ಟಿದ್ದೇನೆ. ಗೋಡೆಗೆ ಹೋಗುವವು ಯಾರು ನೋಡಿದರೂ ನಿಲ್ಲುವಂಥವು. ಅಲ್ಲಿ ಕಡುವಾಗಿರಿ. ವರ್ಷಕ್ಕೆ ಹನ್ನೆರಡು ಸಿಕ್ಕಿದರೆ ಹಬ್ಬ ಮಾಡಿ.

'ಮನೆ' ಫೋಲ್ಡರ್‌ಗೆ ಬರುವವು ನೆನಪಿನ ಫೋಟೊಗಳು. ಅಲ್ಲಿ ಅಲುಗಾಡಿದ್ದರೂ ಇರಲಿ, ತಲೆ ಕತ್ತರಿಸಿದ್ದರೂ ಇರಲಿ. ಆದರೆ ಅವನ್ನು ಬರೀ ಫೋಟೊವಾಗಿ ಇಡಬೇಡಿ. ಹಾಳೆಯ ಬಲಗಡೆ ಬರೆದಿರಲ್ಲ, ಅದನ್ನೂ ಜೊತೆಗೆ ಸೇರಿಸಿ. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ನಿಮ್ಮ ಮಕ್ಕಳ ಕೈಗೆ ಸಿಗುವುದು ಒಂದು ನೀಲಿ ಬಕೆಟ್. ಬರೆಯೋಕೆ ಬೇಜಾರಾದರೆ ಫೋನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಫೋಟೊಗೂ ಅದಕ್ಕೂ ಒಂದೇ ಹೆಸರಿಡಿ. ಅಜ್ಜಿಯ ಫೋಟೊ ಆದರೆ ಅಜ್ಜಿಯ ಹತ್ತಿರವೇ ಮಾತಾಡಿಸಿ.

ನನ್ನ ಅಡಿಕೆ ಫೋಟೊ ಈಗ 'ಮನೆ'ಯಲ್ಲಿದೆ. ಮುಂದಿನ ಕೊಯ್ಲಿಗೆ ಮತ್ತೆ ಹೋದೆ. ಈ ಸಲ ಬಕೆಟ್ ನಾನೇ ಎತ್ತಿ ಆಚೆ ಇಟ್ಟೆ. ನೆಲದ ಮೇಲೆ ಕೂತೆ. ಒಬ್ಬರ ಕೈ, ಮೆಟ್ಟುಗತ್ತಿ, ಚೊಗರಿಗೆ ಕಪ್ಪಾದ ಬೆರಳು, ಹಿಂದೆ ನಗುತ್ತಿರುವ ಎರಡು ಮುಖ. ಗುಂಪಿನಲ್ಲಿ ತೋರಿಸಿದಾಗ ಆ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಏನೂ ಹೇಳಲಿಲ್ಲ. ನನಗೆ ಅಷ್ಟು ಸಾಕಿತ್ತು.

ಒಂದು ಪ್ರಿಂಟ್ ಹಾಕಿಸಿ ಫೋಟೊದಲ್ಲಿದ್ದ, ಅಡಿಕೆ ಸುಲಿಯುವ ಅಕ್ಕ ಒಬ್ಬರಿಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಚಂದ ಬಂದದೆ ಮಾರಾಯ. ನಮ್ ಬಕೆಟ್ ಎಲ್ಲಿ?"

"ಅದು ಅಡ್ಡ ಇತ್ತಲ್ಲ ಅಕ್ಕ, ತೆಗೆದಿಟ್ಟೆ."

"ಅಡ್ಡನಾ? ಎಷ್ಟು ಬಕೆಟ್ ಸುಲಿದ್ವಿ ಅಂತ ಲೆಕ್ಕ ಹಾಕಿಯೇ ಅಲ್ದಾ ನಿಮ್ಮಜ್ಜ ದುಡ್ಡು ಕೊಡೋದು?"